ಹಳ್ಳಿಯ ಸಾವಕಾರನೂ ಕಾಲೇಜಿನ ಕಾನೂನೂ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸೀಮೆಯಿಂದ ವಾಣಿಜ್ಯ ಪದವಿಗೆಂದು ಕಾಲೇಜು ಸೇರುವ ರೈತರ, ನೇಕಾರರ, ಚಿಲ್ಲರೆ ಅಂಗಡಿಕಾರರ ಮಕ್ಕಳು ಅನಿವಾರ್ಯವಾಗಿ ಓದಬೇಕಾದ ವಿಷಯಗಳಲ್ಲಿ, ಹಿಂದಿನವರು ಮರ್ಕಂಟೈಲ್ ಲಾ ಎಂದೂ ಇಂದಿನವರು ಬಿಸಿನೆಸ್ ಲಾ ಎಂದೂ ಕರೆಯುವ ವ್ಯವಹಾರ ಕಾನೂನು ಒಂದು. ಅದರ ಮೊದಲ ಪಾಠಗಳಲ್ಲಿಯೇ 1892ರಲ್ಲಿ ತೀರ್ಮಾನವಾದ ಇಂಗ್ಲೆಂಡಿನ ಕಾರ್ಬೋಲಿಕ್ ಸ್ಮೋಕ್ ಬಾಲ್ ಕಂಪನಿಯ ವ್ಯಾಜ್ಯವು ಎದುರಾಗುತ್ತದೆ. ತನ್ನ ಔಷಧವನ್ನು ಬಳಸಿಯೂ ಜ್ವರ ಬಂದವರಿಗೆ 100 ಪೌಂಡು ಕೊಡುವೆನೆಂದು ಜಾಹೀರುಪಡಿಸಿದ ಆ ಕಂಪನಿಯು ಕಾರ್ಲಿಲ್ ಎಂಬ ಮಹಿಳೆಗೆ ಆ ಹಣವನ್ನು ತೆರಬೇಕಾದ ವೃತ್ತಾಂತವನ್ನು ಬಾಯಿಪಾಠ ಮಾಡಿಕೊಂಡು, ಪ್ರಸ್ತಾವ, ಸ್ವೀಕೃತಿ, ಪ್ರತಿಫಲಗಳ ಲಕ್ಷಣಗಳನ್ನು ಬರೆದು, ವಿದ್ಯಾರ್ಥಿಯು ಪರೀಕ್ಷೆಯನ್ನು ದಾಟುತ್ತಾನೆ. ಈ ಶಾಸ್ತ್ರವು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದಿಳಿದ ಸರಕೆಂಬ ಭಾವನೆಯು ಅವನ ಮನಸ್ಸಿನಲ್ಲಿ ಉಳಿದುಬಿಡುವುದು ಸಹಜವೇ. ಆದರೆ ಅದೇ ಪುಸ್ತಕದ ಕೆಲವು ಪುಟಗಳಲ್ಲಿ ಅವನ ಅಜ್ಜಂದಿರ ಸಾಲದ ಕಾಗದಗಳೂ, ಅವನ ಊರಿನ ಎರೆಭೂಮಿಯ ಹತ್ತಿಯೂ, ಅವನ ನಾಡಿನ ಪ್ರಾಚೀನ ಧರ್ಮಶಾಸ್ತ್ರವೂ ಅಡಗಿಕೊಂಡಿರುವುದನ್ನು ಅವನಿಗೆ ತೋರಿಸಿಕೊಡುವವರು ವಿರಳ. ಆ ಕೊರತೆಯು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿರುವುದರಿಂದ ಈ ಪ್ರಬಂಧವನ್ನು ಬರೆಯಲು ತೊಡಗಿದ್ದೇನೆ.

ಕರಾರು ಮಾಡಲು ಯಾರು ಅರ್ಹರು, ಯಾರ ಒಪ್ಪಿಗೆಯು ಒಪ್ಪಿಗೆಯೆನಿಸದು ಎಂಬ ಪ್ರಶ್ನೆಗಳು ಈ ಸೀಮೆಗೆ ಹೊಸವಲ್ಲ. ಆದಿಕವಿ ಪಂಪನ ಹೆಸರಿನೊಡನೆ ನೆನೆಯಲ್ಪಡುವ ಅಣ್ಣಿಗೇರಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣವಾಗಿದ್ದಿತು. ಅಲ್ಲಿಯ ಅಮೃತೇಶ್ವರ ದೇವಾಲಯವು ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಅದೇ ಸಾಮ್ರಾಜ್ಯದ ರಾಜಧಾನಿಯಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮಿತಾಕ್ಷರಾ ಎಂದರೆ ಪಿತ್ರಾರ್ಜಿತ ಆಸ್ತಿಯ ವಿಭಾಗದ ಗ್ರಂಥವೆಂದಷ್ಟೇ ನಮ್ಮ ವಕೀಲರು ಸಾಮಾನ್ಯವಾಗಿ ಭಾವಿಸುವುದುಂಟು. ಅದರ ವ್ಯವಹಾರಾಧ್ಯಾಯದಲ್ಲಿ ಸಾಲ, ಒತ್ತೆ, ನಿಕ್ಷೇಪ, ಕ್ರಯವಿಕ್ರಯ, ವೇತನ, ಹಲವರು ಬಂಡವಾಳ ಕೂಡಿಸಿ ನಡೆಸುವ ಸಂಭೂಯ ಸಮುತ್ಥಾನ ಇವೆಲ್ಲವುಗಳ ವಿಚಾರವೂ ಇದೆ. ಮದ್ಯದಿಂದ ಮತ್ತನಾದವನು, ಉನ್ಮತ್ತನು, ಆರ್ತನು, ಬಾಲಕನು, ಭಯಗೊಂಡವನು ಮಾಡಿದ ವ್ಯವಹಾರವು ಸಿದ್ಧಿಸದೆಂಬುದು ಆ ಸ್ಮೃತಿಯ ನಿರ್ಣಯ. ಹಾಜರಿಗಾಗಿ, ವಿಶ್ವಾಸಕ್ಕಾಗಿ, ಹಣ ಸಂದಾಯಕ್ಕಾಗಿ ಎಂದು ಜಾಮೀನಿನ ಮೂರು ಬಗೆಗಳನ್ನೂ ಅದು ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 11, 12, 15ನೆಯ ಕಲಮುಗಳನ್ನು ಓದುವ ವಿದ್ಯಾರ್ಥಿಗೆ ಇದನ್ನೂ ಪಕ್ಕದಲ್ಲಿಟ್ಟು ಓದಿಸಿದರೆ, ಅಪ್ರಾಪ್ತವಯಸ್ಕನ ಕರಾರು ಮೂಲತಃ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ಲು ಮೋಹರಿ ಬೀಬಿಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಅವನಿಗೆ ಅಪರಿಚಿತವೆನಿಸಲಾರದು. ಆ ಮೊಕದ್ದಮೆಯೂ, ಗಮನಿಸಬೇಕಾದುದೇನೆಂದರೆ, ಮನೆಯನ್ನು ಅಡವು ಹಾಕಿಸಿಕೊಂಡ ಲೇವಾದೇವಿಗಾರನೊಬ್ಬನಿಂದಲೇ ಹುಟ್ಟಿದ್ದು.

ಸಾವಕಾರನ ಚರಿತ್ರೆಯನ್ನು ಬಿಟ್ಟು ಈ ಕಾನೂನಿನ ಚರಿತ್ರೆಯನ್ನು ಹೇಳುವುದು ಸಾಧ್ಯವಿಲ್ಲ. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡ ಪ್ರದೇಶವು ಇಂಗ್ಲಿಷರ ಕೈಗೆ ಬಂದ ತರುವಾಯ, ಕಂದಾಯವನ್ನು ನಿಯತ ಕಾಲಕ್ಕೆ ರೋಖ ಹಣದಲ್ಲಿ ಕಟ್ಟಬೇಕಾದ ರೈತನು, ಫಸಲು ಮನೆಗೆ ಬರುವ ಮೊದಲೇ ಸಾಲಕ್ಕಾಗಿ ಕೈಯೊಡ್ಡುವ ಸ್ಥಿತಿ ಬಲಿಯಿತು. ಬಡ್ಡಿಯ ಮಿತಿಯನ್ನು ಕಟ್ಟುವ ಕಾನೂನುಗಳನ್ನು 1855ರಲ್ಲಿ ತೆಗೆದುಹಾಕಲಾಯಿತು. 1859ರ ಕಾಲಮಿತಿ ಕಾಯಿದೆಯು ಸಾಲದ ದಾವೆಗೆ ಮೂರು ವರ್ಷಗಳ ಅವಧಿಯನ್ನು ಗೊತ್ತುಮಾಡಿತು. ರೈತನ ರಕ್ಷಣೆಗೆಂದು ಮಾಡಿದ ಆ ಏರ್ಪಾಡಿನಿಂದಲೇ, ಮೂರು ವರ್ಷ ತುಂಬುವ ಮುನ್ನ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಕಾಗದವನ್ನು ಬರೆಯಿಸಿಕೊಳ್ಳುವ ಪದ್ಧತಿಯು ಬೆಳೆದು, ಓದುಬರಹವರಿಯದ ರೈತನ ಹೆಬ್ಬೆಟ್ಟಿನ ಕೆಳಗೆ ಸಾಲವು ತಾನಾಗಿಯೇ ಹಿಗ್ಗುತ್ತ ಹೋಯಿತು. 1861ರಿಂದ 1865ರವರೆಗೆ ಅಮೇರಿಕೆಯ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿ ಒಮ್ಮೆಲೆ ಕುಸಿದುದೂ, 1876ರಿಂದ 1878ರ ಮಹಾಕ್ಷಾಮವೂ ಈ ಭಾರವನ್ನು ಇಮ್ಮಡಿಸಿದುವು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ದಂಗೆಯೆದ್ದು ಸಾವಕಾರರ ಕಾಗದಪತ್ರಗಳನ್ನು ಸುಟ್ಟರು. ಕಾಗದವೇ ತಮ್ಮ ಕೊರಳಿನ ಪಾಶವೆಂಬುದನ್ನು ಅವರು ಯಾವ ಪಾಠವನ್ನೂ ಕೇಳದೆ ಅರಿತಿದ್ದರು. 1879ರಲ್ಲಿ ಡೆಕ್ಕನ್ ಕೃಷಿಕರ ಪರಿಹಾರ ಕಾಯಿದೆಯು ಬಂದು, ಕರಾರಿನ ಹಿಂದೆ ಹೋಗಿ ಮೊದಲಿನಿಂದ ಲೆಕ್ಕವನ್ನು ತೆಗೆದು ನೋಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ಆದರೆ ಮೊದಲು ಅದು ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಈ ನಾಲ್ಕೇ ಜಿಲ್ಲೆಗಳಿಗೆ ಸೀಮಿತವಾಗಿದ್ದಿತು.

ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತದ ರೈತನಿಗೆ ಇದ್ದ ಇನ್ನೊಂದು ಆಸರೆಯು ದಾಮದುಪ್ಪಟ್ಟಿನ ನಿಯಮ. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬ ಈ ನಿಯಮವು ಮನು ಮೊದಲಾದ ಸ್ಮೃತಿಕಾರರಿಂದ ಬಂದುದು; 1855ರ ಕಾಯಿದೆಯಿಂದ ಅದು ಅಳಿಯಲಿಲ್ಲವೆಂದು ಮುಂಬಯಿಯ ನ್ಯಾಯಾಲಯಗಳು ಎತ್ತಿಹಿಡಿದುವು. ನೂರು ರೂಪಾಯಿಯ ಅಸಲಿಗೆ ನೂರು ರೂಪಾಯಿಯ ಬಡ್ಡಿಯಲ್ಲಿ ಲೆಕ್ಕವನ್ನು ನಿಲ್ಲಿಸುವ ಈ ಪುರಾತನ ಧರ್ಮವು, ಕಾಗದವನ್ನು ಮತ್ತೆ ಮತ್ತೆ ಬರೆಯಿಸಿದಾಗ ಹಳೆಯ ಬಡ್ಡಿಯೇ ಹೊಸ ಅಸಲಾಗುವುದರಿಂದ ದುರ್ಬಲವಾಯಿತೆಂಬುದು ನಿಜ. ಆದರೂ ಕಾಲೇಜಿನ ಪುಸ್ತಕಗಳು ಇದಕ್ಕೆ ಒಂದು ಪುಟವನ್ನಾದರೂ ಕೊಡದಿರುವುದು ನನಗೆ ಅನ್ಯಾಯವಾಗಿ ತೋರುತ್ತದೆ.

ಇನ್ನು ಕರಾರು ಕಾಯಿದೆಗೆ ಬರೋಣ. 1866ರಲ್ಲಿ ಇಂಗ್ಲೆಂಡಿನಲ್ಲಿ ಕುಳಿತ ಕಾನೂನು ಆಯೋಗವು ಸಿದ್ಧಪಡಿಸಿದ ಕರಡು, ವೈಸರಾಯರ ಸಭೆಯಲ್ಲಿ ಬಹಳವಾಗಿ ತಿದ್ದಲ್ಪಟ್ಟು, ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ನನು ಕಾನೂನು ಸದಸ್ಯನಾಗಿದ್ದಾಗ ಕಾಯಿದೆಯಾಗಿ, 1872ರ ಸೆಪ್ಟೆಂಬರ 1ರಂದು ಜಾರಿಗೆ ಬಂದಿತು. ವ್ಯಾಪಾರದ ರೂಢಿಗಳಿಗೆ ತಾನು ಬಾಧಕವಲ್ಲವೆಂದು ಅದು ಮೊದಲ ಕಲಮಿನಲ್ಲಿಯೇ ಸಾರಿತು. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯೂ ದೇಶಭಾಷೆಗಳಲ್ಲಿ ಬರೆದ ಹುಂಡಿಗಳ ಸ್ಥಳೀಯ ರೂಢಿಯನ್ನು ಹಾಗೆಯೇ ಕಾಪಾಡಿತು. ಆದರೆ ನಮ್ಮ ವಿದ್ಯಾರ್ಥಿಯು ಬೆರಳಿಟ್ಟು ನಿಲ್ಲಬೇಕಾದ ಸ್ಥಳವು 16ನೆಯ ಕಲಮು. ಅನುಚಿತ ಪ್ರಭಾವವನ್ನು ಕುರಿತ ಈ ಕಲಮನ್ನು 1899ರಲ್ಲಿ ಪೂರ್ತಿಯಾಗಿ ಹೊಸದಾಗಿ ಬರೆದು, ಕೆಳಗೆ ದೃಷ್ಟಾಂತಗಳನ್ನು ಕೊಟ್ಟರು. ಅವುಗಳಲ್ಲೊಂದು: ತನ್ನ ಹಳ್ಳಿಯ ಸಾವಕಾರನಿಗೆ ಮೊದಲೇ ಸಾಲಗಾರನಾಗಿರುವವನೊಬ್ಬನು ಅನ್ಯಾಯವೆಂದು ಕಾಣುವ ಷರತ್ತುಗಳ ಮೇಲೆ ಅವನಿಂದಲೇ ಹೊಸ ಸಾಲವನ್ನು ಎತ್ತಿದರೆ, ಅನುಚಿತ ಪ್ರಭಾವವಿರಲಿಲ್ಲವೆಂದು ಸಿದ್ಧಪಡಿಸುವ ಹೊಣೆಯು ಸಾವಕಾರನ ಮೇಲೆ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು: ಹಣದ ಪೇಟೆ ಬಿಗಿಯಾಗಿರುವಾಗ ಬ್ಯಾಂಕಿನವನು ಅಸಾಧಾರಣ ಬಡ್ಡಿಯನ್ನು ಕೇಳಿ, ಸಾಲಗಾರನು ಒಪ್ಪಿದರೆ, ಅದು ವ್ಯಾಪಾರದ ಸಹಜ ನಡೆವಳಿ, ಅಲ್ಲಿ ಅನುಚಿತ ಪ್ರಭಾವವೆಂಬುದಿಲ್ಲ. ಎರಡೂ ಸಾಲಗಳೇ, ಎರಡರಲ್ಲಿಯೂ ಬಡ್ಡಿ ಹೆಚ್ಚೇ. ಆದರೆ ಪಟ್ಟಣದ ವರ್ತಕನು ಇನ್ನೊಂದು ಬಾಗಿಲನ್ನು ತಟ್ಟಬಲ್ಲನು, ಹಳೆಯ ಸಾಲದಲ್ಲಿ ಸಿಕ್ಕಿಕೊಂಡ ಹಳ್ಳಿಯ ರೈತನಿಗೆ ಇನ್ನೊಂದು ಬಾಗಿಲೇ ಇಲ್ಲ. ಪ್ರಬಲ ಸ್ಥಾನ, ದುರ್ಬಲ ಸ್ಥಾನಗಳ ಈ ತಾರತಮ್ಯವನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹಿಡಿದಿಟ್ಟ ಶಾಸನವಾಕ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಅದೇ 1899ರ ತಿದ್ದುಪಡಿಯು 74ನೆಯ ಕಲಮನ್ನೂ ಮುಟ್ಟಿತು. ಸಾವಕಾರನಿಗೆ ಹತ್ತು ಮಣ ಧಾನ್ಯವನ್ನು ಗೊತ್ತಾದ ದಿನ ಅಳೆದುಕೊಡುವೆನೆಂದು ಒಪ್ಪಿ, ತಪ್ಪಿದರೆ ಇಪ್ಪತ್ತು ಮಣ ಕೊಡುವೆನೆಂದು ಬರೆದುಕೊಟ್ಟರೆ, ಆ ಇಪ್ಪತ್ತು ಮಣದ ಮಾತು ದಂಡರೂಪದ್ದೆಂದೂ, ನ್ಯಾಯಾಲಯವು ಯುಕ್ತವಾದ ಪರಿಹಾರವನ್ನಷ್ಟೇ ಕೊಡಿಸತಕ್ಕದ್ದೆಂದೂ ಅಲ್ಲಿಯ ದೃಷ್ಟಾಂತವು ಹೇಳುತ್ತದೆ. ಸುಗ್ಗಿಯ ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಪಾಲು ಸಾವಕಾರನ ಚೀಲಕ್ಕೆ ಹೋಗುತ್ತಿದ್ದುದನ್ನು ಹಿರಿಯರ ಬಾಯಿಂದ ಕೇಳಿದ ಮಗುವಿಗೆ, ಈ ದೃಷ್ಟಾಂತಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಸರಕಿನ ಮಾರಾಟದ ಕಾನೂನಿಗೂ ಈ ನೆಲಕ್ಕೂ ಇರುವ ನಂಟು ಹತ್ತಿಯದು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜವು ಧಾರವಾಡದ ಕಪ್ಪುನೆಲದಲ್ಲಿ ಊರಿ ನಿಂತು, ಧಾರವಾಡ ಅಮೇರಿಕನ್ ಎಂಬ ಹೆಸರಿನಿಂದ ಲಿವರ್‌ಪೂಲಿನ ಪೇಟೆಯವರೆಗೆ ಹೋಯಿತು. ಬೇಡಿಕೆ ಏರಿದಂತೆ ಬೆರಕೆಯೂ ಏರಿತು: ಉದ್ದೆಳೆಯ ಅರಳೆಯಲ್ಲಿ ಗಿಡ್ಡೆಳೆಯದನ್ನು ಬೆರೆಸುವುದು, ಬೀಜ, ಕಸಕಡ್ಡಿಗಳನ್ನು ಉಳಿಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು. ಇದನ್ನು ಅಡಗಿಸಲೆಂದು ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ವಂಚನೆಗಳ ಕಾಯಿದೆಯನ್ನು ಮಾಡಿ ಪರಿವೀಕ್ಷಕರನ್ನು ನೇಮಿಸಿತು. ನಮೂನೆಯನ್ನು ತೋರಿಸಿ ಮಾರಿದ ಸರಕು ನಮೂನೆಗೆ ಸರಿಹೊಂದಬೇಕು, ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಯಂತಿರಬೇಕು ಎಂದು 1930ರ ಸರಕು ಮಾರಾಟ ಕಾಯಿದೆಯ 15, 17ನೆಯ ಕಲಮುಗಳು ಹೇಳುವುದನ್ನು ಓದುವಾಗ, ಅಡತಿ ಅಂಗಡಿಯ ಮುಂದೆ ಅಂಡಿಗೆಯಿಂದ ಹಿಡಿ ಅರಳೆಯನ್ನು ಹಿರಿದು ಎಳೆಯ ಉದ್ದವನ್ನು ನೋಡುವ ಖರೀದಿದಾರನನ್ನು ನೆನೆದರೆ ಸಾಕು. ಆ ಅಡತಿಯವನಾದರೋ ಕರಾರು ಕಾಯಿದೆಯ ಏಜೆನ್ಸಿ ಅಧ್ಯಾಯದ ಜೀವಂತ ಉದಾಹರಣೆ: ರೈತನ ಮಾಲನ್ನು ಮಾರಿ, ದಲಾಲಿ, ಹಮಾಲಿಗಳನ್ನು ಮುರಿದುಕೊಂಡು, ಪಟ್ಟಿಯನ್ನು ಬರೆದು ಹಣವನ್ನೊಪ್ಪಿಸಬೇಕಾದವನು, ಎಷ್ಟೋ ವೇಳೆ ಅದೇ ರೈತನಿಗೆ ಬೀಜಕ್ಕೂ ಮದುವೆಗೂ ಸಾಲ ಕೊಟ್ಟವನೂ ಅವನೇ. ಏಜೆಂಟನೂ ಸಾವಕಾರನೂ ಒಬ್ಬನೇ ಆದಾಗ ಮಾಲಕನ ಹಿತವು ಏನಾಗುವುದೆಂಬ ಪ್ರಶ್ನೆಯೇ 1927ರ ಮುಂಬಯಿ ಹತ್ತಿ ಪೇಟೆಗಳ ಕಾಯಿದೆಗೂ, 1939ರ ಕೃಷಿ ಉತ್ಪನ್ನ ಪೇಟೆಗಳ ಕಾಯಿದೆಗೂ ಹಿನ್ನೆಲೆಯಾಗಿ ನಿಂತಿತು.

ಕುಂದಗೋಳದ ಕಥೆ ತುಸು ಬೇರೆ. 1948ರವರೆಗೆ ಅದು ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದಿತಾದ್ದರಿಂದ, ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಅಲ್ಲಿ ತಮ್ಮಷ್ಟಕ್ಕೆ ತಾವೇ ನಡೆಯುತ್ತಿರಲಿಲ್ಲ. ಆ ಊರಿನ ವಿದ್ಯಾರ್ಥಿಗೆ ಕರಾರು ಕಾಯಿದೆಯ 39ನೆಯ ಕಲಮಿನ ದೃಷ್ಟಾಂತವು ಮಾತ್ರ ವಿಶೇಷವಾಗಿ ಹಿಡಿಸಬೇಕು: ವಾರಕ್ಕೆ ಎರಡು ರಾತ್ರಿಯಂತೆ ಎರಡು ತಿಂಗಳು ನಾಟಕಶಾಲೆಯಲ್ಲಿ ಹಾಡಲು, ರಾತ್ರಿಯೊಂದಕ್ಕೆ 100 ರೂಪಾಯಿಗೆ ಒಪ್ಪಿದ ಗಾಯಕಿಯು ಆರನೆಯ ರಾತ್ರಿ ಬೇಕೆಂದೇ ಗೈರುಹಾಜರಾದರೆ, ವ್ಯವಸ್ಥಾಪಕನು ಕರಾರನ್ನು ಕೊನೆಗಾಣಿಸಬಹುದು. 1886ರಲ್ಲಿ ಕುಂದಗೋಳದಲ್ಲಿ ಜನಿಸಿ, ನಾಟಕ ಮಂಡಳಿಗಳಲ್ಲಿ ಹಾಡಿ ಕೀರ್ತಿವಂತರಾದ ಸವಾಯಿ ಗಂಧರ್ವರ ಊರಿನಲ್ಲಿ ಈ ಪಾಠಕ್ಕೆ ಬೇರೆಯೇ ಕಳೆಯುಂಟು. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲನ್ನು ಹೇಳಿಮಾಡಿಸುವವರು ಸಂಚಕಾರವನ್ನು ಕೊಟ್ಟು ಹೋಗುವುದುಂಟು. ಆ ತೊಟ್ಟಿಲಿನ ಒಪ್ಪಂದವು ಸರಕಿನ ಮಾರಾಟವೋ ಕೈಕೆಲಸದ ಕರಾರೋ, ಚಿತ್ರ ಪೂರ್ತಿಯಾಗುವ ಮೊದಲು ಮರವು ಸುಟ್ಟುಹೋದರೆ ನಷ್ಟ ಯಾರದು ಎಂದು ಕೇಳಿದರೆ, ಸರಕು ಮಾರಾಟ ಕಾಯಿದೆಯ 21ನೆಯ ಕಲಮು ಹತ್ತು ನಿಮಿಷದಲ್ಲಿ ಮನದಟ್ಟಾದೀತು.

ಸಾಲದ ಬಂಧನಕ್ಕೆ ಈ ಜಿಲ್ಲೆಯು ತಾನೇ ಕಂಡುಕೊಂಡ ಉತ್ತರವೂ ಒಂದುಂಟು. ಅಣ್ಣಿಗೇರಿಯಿಂದ ಮೂಡಲಿಗೆ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ, 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲೊಂದು ಸ್ಥಾಪನೆಗೊಂಡಿತು. ಆ ಕಾಲದ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಯು ಅಪರಿಮಿತವಾಗಿರುವುದೇ ನಿಯಮವಾಗಿದ್ದಿತು. ಎಂದರೆ ಒಬ್ಬನ ಸಾಲಕ್ಕೆ ಊರೇ ಜಾಮೀನು. ಪರಿಮಿತ ಹೊಣೆಯ ಕಂಪನಿಯನ್ನು ವಿವರಿಸುವ ಅಧ್ಯಾಪಕರು ಮೊದಲು ಕಣಗಿನಹಾಳವನ್ನು ವಿವರಿಸಲಿ ಎಂಬುದು ನನ್ನ ಬಿನ್ನಹ.

ಈ ಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿಯುವ ಅವಕಾಶವು ಈ ಭಾಗಕ್ಕೆ ತಡವಾಗಿಯೇ ಬಂದಿತು. ಮುಂಬಯಿಯ ಸಿಡೆನ್ಹ್ಯಾಮ್ ವಾಣಿಜ್ಯ ಕಾಲೇಜು 1913ರಲ್ಲಿ ತೆರೆಯಿತು. ಮುಂಬಯಿಯವರೇ ಆದ ಸೊಹ್ರಾಬ್ ದಾವರರ ಮರ್ಕಂಟೈಲ್ ಕಾನೂನಿನ ಪುಸ್ತಕವು ಹಲವು ತಲೆಮಾರುಗಳಿಗೆ ಕೈಪಿಡಿಯಾಯಿತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು, ಬೆಳಗಾವಿಯಲ್ಲಿ 1939ರಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು, ಹುಬ್ಬಳ್ಳಿಯಲ್ಲಿ 1947ರಲ್ಲಿ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜು, ಅನಂತರ ಕರ್ನಾಟಕ ವಿಶ್ವವಿದ್ಯಾಲಯ ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆದುವು. ಅಣ್ಣಿಗೇರಿ, ಕುಂದಗೋಳಗಳಿಗೆ ರೈಲು ಇದ್ದಿತು. ನವಲಗುಂದ, ಕಲಘಟಗಿಯವರಿಗೆ ರಸ್ತೆಯೇ ಗತಿ. ಮನೆಯಲ್ಲಿ ಉದ್ರಿ, ಕೈಗಡ, ಲಾವಣಿ, ಜಾಮೀನುಗಳ ಮಾತನ್ನು ದಿನವೂ ಕೇಳುತ್ತ ಬೆಳೆದ ಹುಡುಗರು ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಓದಿ, ಅದು ಬೇರೆಯದೆಂದೇ ನಂಬಿದರು.

ಸಾವಕಾರನು ಮರೆಯಾಗಲಿಲ್ಲ. 1947ರ ಮುಂಬಯಿಯ ಕೃಷಿ ಸಾಲಗಾರರ ಪರಿಹಾರ ಕಾಯಿದೆ, ದೇವರಾಜ ಅರಸರ ಕಾಲದ 1976ರ ಕರ್ನಾಟಕ ಋಣ ಪರಿಹಾರ ಕಾಯಿದೆ ಎರಡೂ ಅವನನ್ನು ಕುರಿತವೇ. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 1988ರ ತಿದ್ದುಪಡಿಯಿಂದ 138ನೆಯ ಕಲಮು ಬಂದು ಚೆಕ್ ಬೌನ್ಸು ಅಪರಾಧವಾದ ಮೇಲೆ, ಹೆಬ್ಬೆಟ್ಟಿನ ಕಾಗದದ ಸ್ಥಾನಕ್ಕೆ ಸಹಿ ಮಾಡಿದ ಖಾಲಿ ಚೆಕ್ಕು ಬಂದಿತು. ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ, ಅದು ಸಾಲಕ್ಕಾಗಿಯೇ ಕೊಟ್ಟದ್ದೆಂಬ 139ನೆಯ ಕಲಮಿನ ಪೂರ್ವಭಾವನೆಯು ಅನ್ವಯಿಸುವುದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ; ನೋಟೀಸು ಮುಟ್ಟಿದ ಹದಿನೈದು ದಿನಗಳೊಳಗೆ ಹಣ ಕಟ್ಟದಿದ್ದರೆ ಎರಡು ವರ್ಷಗಳವರೆಗಿನ ಸೆರೆಮನೆಗೋ ಚೆಕ್ಕಿನ ಮೊತ್ತದ ಇಮ್ಮಡಿಯವರೆಗಿನ ದಂಡಕ್ಕೋ ಅಥವಾ ಎರಡಕ್ಕೂ ಗುರಿಯಾಗಬೇಕಾದೀತು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಅಧ್ಯಾದೇಶವನ್ನು ಹೊರಡಿಸಿ, ನೋಂದಣಿಯಿಲ್ಲದ ಲೇವಾದೇವಿಗಾರರು ದುರ್ಬಲರಿಗೆ ಕೊಟ್ಟ ಸಾಲಗಳನ್ನು ತೀರಿದುವೆಂದು ಸಾರಿತು. ನವಲಗುಂದದಲ್ಲಿಯೋ ಕುಂದಗೋಳದಲ್ಲಿಯೋ ಕರಾರು ಕಾಯಿದೆಯ 16ನೆಯ ಕಲಮನ್ನು ಪಾಠ ಮಾಡುವ ಅಧ್ಯಾಪಕರು, ಆ ಅಧ್ಯಾದೇಶದ ಒಂದು ಪ್ರತಿಯನ್ನೂ, ಒಂದು ಖಾಲಿ ಚೆಕ್ಕನ್ನೂ, ದೊರೆತರೆ ಯಾರದಾದರೂ ಅಜ್ಜನ ಪೆಟ್ಟಿಗೆಯಲ್ಲಿ ಉಳಿದ ಸಾಲದ ಕಾಗದವನ್ನೂ ತರಗತಿಗೆ ಒಯ್ದು, ಸಾಧ್ಯವಾದಷ್ಟೂ ಕನ್ನಡದಲ್ಲಿಯೇ ವಿವರಿಸಲೆಂದು ಕೇಳಿಕೊಳ್ಳುತ್ತೇನೆ.