ಮಂತ್ರಿಯ ಹೆಸರು, ಕಪ್ಪು ಪಟ

ಸಕಲೇಶಪುರ, ಆಲೂರು ಕಡೆ ಬೆಟ್ಟ ಹತ್ತಿದವರೆಲ್ಲ ಸಂಜೆ ತೆಗೆಯುವ ಒಂದು ಫೋಟೋ ಇದೆಯಲ್ಲ, ಹಿಂದೆ ಕೆಂಪು ಆಕಾಶ, ಮುಂದೆ ಕಪ್ಪು ಮನುಷ್ಯ. ಅದೇ ಸಿಲೂಯೆಟ್. ಅದು ಒಬ್ಬ ಮಂತ್ರಿಯ ಹೆಸರು ಅಂದ್ರೆ ನಂಬ್ತೀರಾ?

ಎಟಿಯೆನ್ ದ ಸಿಲೂಯೆಟ್ 1759ರಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿ. ಯುದ್ಧದಿಂದ ಬೊಕ್ಕಸ ಬರಿದಾಗಿತ್ತು. ಸಿರಿವಂತರ ಮೇಲೂ ತೆರಿಗೆ ಹಾಕಲು ಹೊರಟ, ಒಂಬತ್ತು ತಿಂಗಳು ತುಂಬುವ ಮೊದಲೇ ಕುರ್ಚಿ ಹೋಯ್ತು! ಅಗ್ಗದ್ದಕ್ಕೆಲ್ಲ ಜನ ಅವನ ಹೆಸರಿಟ್ಟು ನಕ್ಕರು. ಬಣ್ಣದ ಭಾವಚಿತ್ರಕ್ಕೆ ಕಾಸಿಲ್ಲದವರು ಮಾಡಿಸುತ್ತಿದ್ದ ಕಪ್ಪು ನೆರಳುಚಿತ್ರಕ್ಕೂ ಅದೇ ಹೆಸರು ಅಂಟಿಕೊಂಡಿತು.

ಈ ಚಿತ್ರದಲ್ಲಿ ಮಾತಾಡೋದು ಅಂಚು ಮಾತ್ರ. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೇ ನೋಡಿ. ಟಿಪ್ಪು 1792ರಲ್ಲಿ ಕಟ್ಟಿ ಮುಗಿಸಿದ, ಫ್ರೆಂಚ್ ಶೈಲಿಯ ಎಂಟು ಮೂಲೆಯ ನಕ್ಷತ್ರ. ಆದರೆ ಆ ನಕ್ಷತ್ರ ಕಾಣೋದು ಆಕಾಶದಿಂದ. ಪಕ್ಕದಿಂದ ತೆಗೆದರೆ ಬರೀ ಒಂದು ಕಪ್ಪು ಗೆರೆ. ಅದಕ್ಕೇ ಒಂಟಿ ಮರವನ್ನೋ, ಪಕ್ಕಕ್ಕೆ ಮುಖ ತಿರುಗಿಸಿ ನಿಂತ ಗೆಳೆಯನನ್ನೋ ಆರಿಸಿಕೊಳ್ಳಿ.

ಆಟೋ ಮೋಡ್ ಕತ್ತಲೆಯನ್ನು ಬೆಳಗಿಸಲು ಹೋಗಿ ಆಕಾಶವನ್ನು ಬಿಳಿಚಿಸಿಬಿಡುತ್ತೆ. ಸ್ಪಾಟ್ ಮೀಟರಿಂಗ್ ಇಟ್ಟು, ಸೂರ್ಯನ ಪಕ್ಕದ ಆಕಾಶ ಅಳೆದು, ಎಕ್ಸ್‌ಪೋಷರ್ ಲಾಕ್ ಮಾಡಿ. ಐಎಸ್ಒ 100, ಅಪರ್ಚರ್ ಎಫ್/8, ಫ್ಲ್ಯಾಶ್ ಬೇಡ. ಬೆಳಕೆಲ್ಲ ಆಕಾಶಕ್ಕೆ, ಮುಖಕ್ಕೆ ಒಂದು ಕಾಸೂ ಇಲ್ಲ. ಮಂತ್ರಿಗಳ ಮಿತವ್ಯಯ ಕೊನೆಗೂ ಇಲ್ಲಿ ಕೆಲಸಕ್ಕೆ ಬಂತು ನೋಡಿ :-)