ಮರಿಯೆಂಟಾಲಿಗೆ ಹೋದ ತರುಣರು

ಮನಃಶಾಸ್ತ್ರದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಒಂದು ಊರಿಗೆ ಹೋಗಿ, ಅಲ್ಲಿನ ಸಂಘಸಂಸ್ಥೆಗಳ ನೆರವಿನಿಂದ ಅಧ್ಯಯನ ನಡೆಸುವುದು ಇಂದು ಹೊಸತೇನಲ್ಲ. ಆದರೆ ಹಾಗೆ ಹೋದವರು ಆ ಊರಿಗೆ ಏನನ್ನು ಕೊಟ್ಟು ಬರಬೇಕು? ಈ ಪ್ರಶ್ನೆಯನ್ನು ಕೆಲಸದ ಮೊದಲ ನಿಯಮವಾಗಿಯೇ ಎತ್ತಿಕೊಂಡವರು 1931ರಲ್ಲಿ ವಿಯೆನ್ನಾದ ಕೆಲವು ತರುಣ ತರುಣಿಯರು.

ವಿಯೆನ್ನಾದ ಆಗ್ನೇಯಕ್ಕಿರುವ ಮರಿಯೆಂಟಾಲ್ ಗಿರಣಿಯೊಂದಿಗೇ ಹುಟ್ಟಿ ಬೆಳೆದ ಕಾರ್ಮಿಕರ ಊರು. ಜಾಗತಿಕ ಆರ್ಥಿಕ ಕುಸಿತದ ಹೊಡೆತಕ್ಕೆ 1929–30ರಲ್ಲಿ ಗಿರಣಿ ಮುಚ್ಚಿದಾಗ ಇಡೀ ಊರೇ ಒಮ್ಮೆಗೆ ನಿರುದ್ಯೋಗಿಯಾಯಿತು. ಅಲ್ಲಿದ್ದ 478 ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲು ನಿರುದ್ಯೋಗ ಭತ್ಯೆಯನ್ನೇ ನಂಬಿದ್ದವು. ಪೌಲ್ ಲಾಜರ್ಸ್‌ಫೆಲ್ಡ್ ಮೊದಲು ಕಾರ್ಮಿಕರ ಬಿಡುವಿನ ವೇಳೆಯ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದರು. ಜನ ಕೆಲಸವಿಲ್ಲದೆ ಕುಳಿತಿರುವಾಗ ಬಿಡುವಿನ ಅಧ್ಯಯನವೇ ಎಂದು ಸಮಾಜವಾದಿ ನಾಯಕ ಒಟ್ಟೊ ಬೌವರ್ ಆಕ್ಷೇಪಿಸಿದ್ದರಿಂದ ವಿಷಯ ಬದಲಾಯಿತು. ಲಾಜರ್ಸ್‌ಫೆಲ್ಡ್, ಇಪ್ಪತ್ತನಾಲ್ಕರ ವಿದ್ಯಾರ್ಥಿನಿ ಮರೀ ಯಹೋಡಾ ಹಾಗೂ ಹಾನ್ಸ್ ಝೈಸಲ್ ಮುಂದಾಳುಗಳಾದರು. ತಂಡದಲ್ಲಿ ಹಲವರು ಕಾರ್ಲ್ ಮತ್ತು ಶಾರ್ಲೊಟ್ಟೆ ಬ್ಯೂಲರ್ ದಂಪತಿಗಳ ಬಳಿ ಮನಃಶಾಸ್ತ್ರ ಕಲಿತವರು.

ಯಾರೂ ಬರಿಯ ನೋಡುಗರಾಗಿ ಊರಿನಲ್ಲಿ ಇರಕೂಡದು. ಪ್ರತಿಯೊಬ್ಬರೂ ಊರವರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಹೊತ್ತುಕೊಂಡಿರಬೇಕು ಎಂಬುದು ಅವರ ಕಟ್ಟಳೆ. ಅದರಂತೆ ವಿಯೆನ್ನಾದಲ್ಲಿ ಹಳೆಯ ಬಟ್ಟೆಗಳನ್ನು ಸಂಗ್ರಹಿಸಿ ಹಂಚಿದರು. ವೈದ್ಯರಿಂದ ಉಚಿತ ತಪಾಸಣೆ ನಡೆಸಿದರು. ಹೆಂಗಸರಿಗೆ ಬಟ್ಟೆ ಕತ್ತರಿಸುವ ತರಗತಿ, ಹುಡುಗಿಯರಿಗೆ ವ್ಯಾಯಾಮದ ತರಗತಿ ಏರ್ಪಡಿಸಿದರು. ಲೊಟ್ಟೆ ಡಾಂಜಿಂಗರ್ ಕೆಲವು ವಾರ ಊರಿನಲ್ಲೇ ಇದ್ದು, ನೂರು ಮನೆಗಳಿಗೆ ಹೋಗಿ ಯಾವ ಬಟ್ಟೆ ಬೇಕೆಂದು ವಿಚಾರಿಸಿದರು.

ಅವರು ಕಂಡದ್ದು ಅನಿರೀಕ್ಷಿತವಾಗಿತ್ತು. ಹಸಿವು ಜನರನ್ನು ಬಂಡೇಳಿಸುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಮರಿಯೆಂಟಾಲಿನಲ್ಲಿ ಬಂಡಾಯವಿರಲಿಲ್ಲ, ಎಲ್ಲದಕ್ಕೂ ಒಗ್ಗಿಕೊಂಡ ಸುಸ್ತು ಇತ್ತು. ಗ್ರಂಥಾಲಯದ ಶುಲ್ಕವನ್ನು ತೆಗೆದುಹಾಕಿದ್ದರೂ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು. ಬೀದಿಯಲ್ಲಿ ನಡೆಯುವವರ ವೇಗವನ್ನು ಗಡಿಯಾರ ಹಿಡಿದು ಅಳೆದಾಗ ಗಂಡಸರು ಹೆಂಗಸರಿಗಿಂತ ನಿಧಾನವಾಗಿದ್ದರು, ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದರು. ಹೆಂಗಸರಿಗೆ ಅಡುಗೆ, ಮಕ್ಕಳು, ಹೊಲಿಗೆ ತಪ್ಪಿರಲಿಲ್ಲ. ದಿನಚರಿಯ ಹಾಳೆ ಕೊಟ್ಟರೆ ಗಂಡಸರಿಗೆ ಏಳುವ, ಉಣ್ಣುವ, ಮಲಗುವ ಹೊತ್ತಿನ ಹೊರತು ಬರೆಯಲು ಹೆಚ್ಚೇನೂ ತೋಚುತ್ತಿರಲಿಲ್ಲ. ಕೆಲಸ ಹೋದವನಿಗೆ ಬಿಡುವೂ ಉಳಿಯುವುದಿಲ್ಲ ಎಂಬುದು ಹೀಗೆ ಅಂಕಿಅಂಶಗಳಲ್ಲಿ ಗೋಚರಿಸಿತು. ಕೂಡಿಟ್ಟ ದಾಖಲೆಗಳ ತೂಕ ಸುಮಾರು 30 ಕಿಲೋ.

ಆದರೆ ಆ ಕಟ್ಟಳೆಗೆ ಇನ್ನೊಂದು ಮುಖವೂ ಇದೆ. ಜನ ತಮ್ಮ ಜೀವನವೃತ್ತಾಂತವನ್ನು ತಿಳಿದೇ ಹೇಳಿದರು, ದಿನಚರಿಯನ್ನೂ ತಿಳಿದೇ ತುಂಬಿದರು. ಬಟ್ಟೆಯ ವಿಚಾರಣೆಗೆಂದು ಬಂದವರು ಮನೆಯ ಚೊಕ್ಕಟವನ್ನೂ ಮಕ್ಕಳ ಸ್ಥಿತಿಯನ್ನೂ ಗುರುತು ಹಾಕಿಕೊಂಡದ್ದು ಮಾತ್ರ ಬೇರೆ ಸಂಗತಿ. ಉಪಕಾರವೇ ಒಳಹೊಗುವ ಬಾಗಿಲಾಗಿತ್ತು. ಊರಿನ ಹೆಸರನ್ನೂ ಮರೆಮಾಚಲಿಲ್ಲ. ಅದು ಪುಸ್ತಕದ ಶೀರ್ಷಿಕೆಯಲ್ಲೇ ಇದೆ. ಅಧ್ಯಯನಕ್ಕೆ ಒಳಗಾಗುವವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕೆನ್ನುವ ಇಂದಿನ ನೀತಿ ಇದನ್ನು ಸುಲಭವಾಗಿ ಒಪ್ಪದು. ಆದರೆ ಇಂದು ಸಹಿ ಮಾಡಿಸಿಕೊಂಡು, ಪ್ರಶ್ನಾವಳಿ ತುಂಬಿಸಿ, ಏನನ್ನೂ ಕೊಡದೆ ಹಿಂದಿರುಗುವ ಕ್ರಮ ಅದಕ್ಕಿಂತ ಮೇಲೆಂದು ಹೇಳುವುದೂ ಕಷ್ಟ. ಒಪ್ಪಿಗೆ ಬೇರೆ, ಋಣ ಬೇರೆ. ಒಂದು ಮತ್ತೊಂದನ್ನು ತೀರಿಸುವುದಿಲ್ಲ.

ಪುಸ್ತಕ 1933ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಕಟವಾದಾಗ ಹಿಟ್ಲರ್ ಅಧಿಕಾರಕ್ಕೆ ಬಂದಾಗಿತ್ತು. ಲೇಖಕರು ಯಹೂದಿಗಳಾದ್ದರಿಂದ ಅವರ ಹೆಸರುಗಳು ಮುಖಪುಟದಲ್ಲಿ ಬರಲಿಲ್ಲ. ಊರನ್ನು ಹೆಸರಿಸಿದ ಪುಸ್ತಕ ಬರೆದವರನ್ನು ಅನಾಮಧೇಯರನ್ನಾಗಿಸಿತು. ಲಾಜರ್ಸ್‌ಫೆಲ್ಡ್ ಅಮೆರಿಕ ಸೇರಿದರು. 1936ರಲ್ಲಿ ಬಂಧಿತರಾದ ಯಹೋಡಾ ಮರುವರ್ಷ ಇಂಗ್ಲೆಂಡಿಗೆ ತೆರಳಿದರು. ಇಂಗ್ಲಿಷ್ ಅನುವಾದ ಬಂದದ್ದು 1971ರಲ್ಲಿ. ಉದ್ಯೋಗವು ಸಂಬಳದ ಜೊತೆಗೆ ದಿನಕ್ಕೊಂದು ಕ್ರಮವನ್ನು, ಮನೆಯಾಚೆಗಿನ ಒಡನಾಟವನ್ನು, ಸಮಾನ ಗುರಿಯನ್ನು, ಸ್ಥಾನಮಾನವನ್ನು ಕೊಡುತ್ತದೆ ಎಂಬ ಯಹೋಡಾರ ಮುಂದಿನ ಪ್ರತಿಪಾದನೆಯ ಬೇರು ಈ ಊರಿನಲ್ಲಿದೆ.

ಮರಿಯೆಂಟಾಲಿಗೆ ಬೇಕಾಗಿದ್ದುದು ಕೆಲಸ. ಅದನ್ನು ಕೊಡುವುದು ಆ ತರುಣರ ಕೈಯಲ್ಲಿರಲಿಲ್ಲ. ಕೊಡಬಹುದಾದ ಅಂಗಿಯನ್ನೂ ಔಷಧವನ್ನೂ ಕೊಟ್ಟರು. ಪಡೆದದ್ದು ಅದಕ್ಕಿಂತ ಹೆಚ್ಚು. ಊರೂರಿಗೆ ತಂಡಗಳನ್ನು ಕಳುಹಿಸುವ ಅಧ್ಯಾಪಕರು ಈ ಲೆಕ್ಕವನ್ನು ವಿದ್ಯಾರ್ಥಿಗಳ ಮುಂದಿಟ್ಟು ಕಳುಹಿಸುವುದು ಒಳ್ಳೆಯದು.