ಆರೋಗ್ಯ ವೃತ್ತಿ ವಿದ್ಯಾರ್ಥಿಗಳಿಗೆ ಅಂತರವೃತ್ತಿ ಶಿಕ್ಷಣ: ರೂಪಣೆ ಮತ್ತು ಮೌಲ್ಯಮಾಪನ

ಅರ್ಥ: ಎರಡು ಅಥವಾ ಹೆಚ್ಚಿನ ವೃತ್ತಿಗಳ ವಿದ್ಯಾರ್ಥಿಗಳು ಪರಸ್ಪರರ ಬಗ್ಗೆ, ಪರಸ್ಪರರಿಂದ ಹಾಗೂ ಪರಸ್ಪರರೊಂದಿಗೆ ಕಲಿಯುವುದೇ ಅಂತರವೃತ್ತಿ ಶಿಕ್ಷಣ. ಇದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಕಾರ್ಯಚೌಕಟ್ಟನ್ನು ಪ್ರಕಟಿಸಿತು. ವಿವಿಧ ವಿಭಾಗಗಳ ವಿದ್ಯಾರ್ಥಿಗಳನ್ನು ಒಂದೇ ಉಪನ್ಯಾಸಕ್ಕೆ ಸೇರಿಸಿದ ಮಾತ್ರಕ್ಕೆ ಈ ಉದ್ದೇಶವು ಈಡೇರುವುದಿಲ್ಲ.

ಅಗತ್ಯ: ವೈದ್ಯರು, ಶುಶ್ರೂಷಕರು ಹಾಗೂ ಔಷಧಿಕಾರರ ನಡುವೆ ಮಾಹಿತಿಯು ಸರಿಯಾಗಿ ಹರಿಯದಿದ್ದಲ್ಲಿ ಔಷಧದ ಪ್ರಮಾಣ ತಪ್ಪಿ ರೋಗಿಗೆ ಹಾನಿಯಾಗಬಹುದು. ಆದ್ದರಿಂದ ಸಹಕಾರದ ಅಭ್ಯಾಸವು ಸೇವೆಗೆ ಸೇರುವ ಮುನ್ನವೇ ಆರಂಭವಾಗಬೇಕು.

ರೂಪಣೆ: ಸ್ವೀಡನ್ ದೇಶದ ಲಿನ್‌ಶೋಪಿಂಗ್‌ನಲ್ಲಿ 1996ರಲ್ಲಿ ತರಬೇತಿ ವಾರ್ಡೊಂದನ್ನು ತೆರೆಯಲಾಯಿತು. ಇಂತಹ ವಾರ್ಡುಗಳಲ್ಲಿ ವೈದ್ಯಕೀಯ, ಶುಶ್ರೂಷಾ, ಭೌತಚಿಕಿತ್ಸಾ ಮುಂತಾದ ವಿದ್ಯಾರ್ಥಿಗಳು ಮೇಲ್ವಿಚಾರಕರ ಮಾರ್ಗದರ್ಶನದಲ್ಲಿ ತಂಡವಾಗಿ ರೋಗಿಗಳ ಆರೈಕೆ ಮಾಡುತ್ತಾರೆ. ಪ್ರತಿ ವೃತ್ತಿಯ ಜವಾಬ್ದಾರಿ ಹಾಗೂ ಮಿತಿಗಳು ಅಲ್ಲಿ ಪ್ರತ್ಯಕ್ಷವಾಗಿ ತಿಳಿಯುತ್ತವೆ.

ಮೌಲ್ಯಮಾಪನದ ಹಂತಗಳು:
1. ತರಬೇತಿಯ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ
2. ಮನೋಭಾವ, ಜ್ಞಾನ ಹಾಗೂ ಕೌಶಲಗಳಲ್ಲಾದ ಬದಲಾವಣೆ
3. ಕರ್ತವ್ಯದ ಸ್ಥಳದಲ್ಲಿನ ವರ್ತನೆ
4. ಸಂಸ್ಥೆಯ ಕಾರ್ಯವಿಧಾನದ ಸುಧಾರಣೆ ಮತ್ತು ರೋಗಿಗಳಿಗೆ ದೊರೆತ ಪ್ರಯೋಜನ

ಮೊದಲ ಹಂತವನ್ನು ಪ್ರಶ್ನಾವಳಿಯಿಂದ ಸುಲಭವಾಗಿ ಅಳೆಯಬಹುದು. ಆದರೆ ವಿದ್ಯಾರ್ಥಿಗಳ ಸಂತೃಪ್ತಿಯು ರೋಗಿಯ ಸುರಕ್ಷತೆಗೆ ಪುರಾವೆಯಾಗದು. ಆದುದರಿಂದ ತರಬೇತಿಗೆ ಮುನ್ನವೇ ಆರಂಭಿಕ ಸ್ಥಿತಿಯನ್ನು ದಾಖಲಿಸಿ, ತರಬೇತಿಯ ಕೊನೆಯಲ್ಲಿ ಹಾಗೂ ಕೆಲವು ತಿಂಗಳುಗಳ ನಂತರ ಅದರೊಂದಿಗೆ ಹೋಲಿಸುವುದು ಅವಶ್ಯಕವಾಗಿದೆ.